ಬೆಂಗಳೂರು – ದುಬೈ – ಸ್ಯಾನ್ ಫ್ರಾನ್ಸಿಸ್ಕೊ: ಟಿಕೆಟ್ ನೋಡಿದ್ರೆ 8 ಗಂಟೆ 20 ನಿಮಿಷ, ಅಪ್ಪನ ಲೆಕ್ಕದಲ್ಲಿ 24 ಗಂಟೆ. ಅಮ್ಮ ನಿಜವಾಗಿ ಎಷ್ಟು ಹೊತ್ತು ಪ್ರಯಾಣ ಮಾಡ್ಬೇಕು?

ಸಕ್ಕರೆನಾಡು84 (ಮಂಡ್ಯ)

ಎಲ್ರಿಗೂ ನಮಸ್ಕಾರ. ನಮ್ಮ ತಂಗಿ ಕ್ಯಾಲಿಫೋರ್ನಿಯಾದಲ್ಲಿದಾಳೆ, ಫೆಬ್ರವರಿ ಮೊದಲ ವಾರ ಹೆರಿಗೆ ಅಂತ ಹೇಳಿದಾರೆ, ಬಾಣಂತನಕ್ಕೆ ಅಮ್ಮ ಒಬ್ರೇ ಹೋಗ್ತಿದಾರೆ. ಅಮ್ಮಂಗೆ 64 ವರ್ಷ, ಇಲ್ಲಿತನಕ ವಿಮಾನ ಹತ್ತಿಲ್ಲ, ಶುಗರ್ ಇದೆ, ಮಂಡಿ ನೋವಿದೆ. ಮನೆ, ಹಸು ಎಲ್ಲಾ ಬಿಟ್ಟು ಹೋಗೋಕೆ ಆಗಲ್ಲ ಅಂತ ಅಪ್ಪ ಇಲ್ಲೇ ಉಳ್ಕೊತಾರೆ.

ಟಿಕೆಟ್ ಹೀಗಿದೆ. ಜನವರಿ 18 ಬೆಳಗಿನ ಜಾವ 4:30ಕ್ಕೆ ಬೆಂಗಳೂರು ಬಿಡೋದು, 6:55ಕ್ಕೆ ದುಬೈ. ದುಬೈಯಿಂದ 8:50ಕ್ಕೆ ಹೊರಟು ಅದೇ ಜನವರಿ 18ನೇ ತಾರೀಖು ಮಧ್ಯಾಹ್ನ 12:50ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ. ವಾಪಸ್ ಬರೋದು ಜೂನ್ 10 ಸಂಜೆ 4ಕ್ಕೆ ಅಲ್ಲಿ ಹತ್ತಿ, ಜೂನ್ 12 ಬೆಳಗಿನ ಜಾವ 3 ಗಂಟೆಗೆ ಬೆಂಗಳೂರಲ್ಲಿ ಇಳಿಯೋದು. ಹೋಗುವಾಗ ಒಂದೇ ದಿನ ಬರುವಾಗ ಎರಡು ದಿನ, ಅದು ಹೇಗೆ ಅಂತ ಮನೇಲಿ ಯಾರಿಗೂ ಸರಿಯಾಗಿ ಹೇಳೋಕಾಗ್ತಿಲ್ಲ.

ಅಪ್ಪ ನೀರಾವರಿ ಇಲಾಖೇಲಿ ಸರ್ವೇ ಕೆಲಸ ಮಾಡಿ ರಿಟೈರ್ ಆದವರು, ಯಾವ್ದನ್ನೂ ಅಳೆದು ನೋಡ್ದೆ ಒಪ್ಪೋರಲ್ಲ. ನನ್ನ ಮಗನ ಸ್ಕೂಲ್ ಅಟ್ಲಾಸ್ ತಗೊಂಡು ಪ್ರಪಂಚದ ಮ್ಯಾಪಲ್ಲಿ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸ್ಕೇಲ್ ಇಟ್ಟು ಅಳೆದ್ರು, 22 ಸಾವಿರ ಕಿಲೋಮೀಟರಿಗೂ ಜಾಸ್ತಿ ಬಂತು. ನೆಟ್ಟಲ್ಲಿ ನೋಡಿದ್ರೆ ಏರ್‌ಪೋರ್ಟಿಂದ ಏರ್‌ಪೋರ್ಟಿಗೆ ಹತ್ರ ಹತ್ರ 14 ಸಾವಿರ ಅಂತಿದೆ. ಅಪ್ಪ ಹೇಳೋದು, ಗಂಟೆಗೆ 900 ಹಿಡಿದ್ರೂ 24 ಗಂಟೆ ಮೇಲಾಗುತ್ತೆ, ನಿಮ್ಮಮ್ಮ ಅಷ್ಟು ಹೊತ್ತು ಕೂತಿರ್ತಾಳಾ ಅಂತ. ಅಮ್ಮ ಟಿಕೆಟ್ ನೋಡ್ಕೊಂಡು, ಬರೀ ಎಂಟೂ ಚಿಲ್ರೆ ಗಂಟೆ, ಧರ್ಮಸ್ಥಳಕ್ಕೆ ಬಸ್ಸಲ್ಲಿ ಹೋಗ್ಬಂದಂಗೆ ಅಂತ ಧೈರ್ಯವಾಗಿದಾರೆ. ಇಬ್ರಲ್ಲಿ ಯಾರ ಲೆಕ್ಕ ಸರಿ? ಮಾತ್ರೆ ಎಷ್ಟೊತ್ತಿಗೆ ತಗೋಬೇಕು, ಮಂಡ್ಯ ಎಷ್ಟೊತ್ತಿಗೆ ಬಿಡ್ಬೇಕು, ತಲುಪಿದ್ಮೇಲೆ ನಮಗೆ ಫೋನ್ ಎಷ್ಟೊತ್ತಿಗೆ ಬರಬಹುದು, ಎಲ್ಲಾ ಇದರ ಮೇಲೇ ನಿಂತಿದೆ. ದಯವಿಟ್ಟು ಗೊತ್ತಿರೋರು ಬಿಡಿಸಿ ಹೇಳಿ.


ಹೆಬ್ಬಾಳ ಎರಡನೇ ಹಂತ (ಮೈಸೂರು)

ಬ್ರದರ್, ಇಬ್ಬರ ಲೆಕ್ಕವೂ ಅಲ್ಲ. ಹೋಗೋಕೆ 21 ಗಂಟೆ 50 ನಿಮಿಷ, ಬರೋಕೆ 22 ಗಂಟೆ 30 ನಿಮಿಷ.

ಟಿಕೆಟ್‌ನಲ್ಲಿ ಹಾಕೋದು ಯಾವಾಗ್ಲೂ ಆಯಾ ಊರಿನ ಟೈಮು. 4:30 ಅನ್ನೋದು ನಮ್ಮ ಗಡಿಯಾರ, 6:55 ಮತ್ತೆ 8:50 ದುಬೈ ಗಡಿಯಾರ, 12:50 ಕ್ಯಾಲಿಫೋರ್ನಿಯಾ ಗಡಿಯಾರ. ಮೂರು ಬೇರೆ ಬೇರೆ ಗಡಿಯಾರದ ಟೈಮನ್ನ ಒಂದರಿಂದ ಒಂದು ಕಳೆದ್ರೆ ಬರೋ ಉತ್ತರಕ್ಕೆ ಅರ್ಥವೇ ಇಲ್ಲ, ಅಮ್ಮನ ಎಂಟು ಗಂಟೆ ಬಂದಿದ್ದು ಹಾಗೆ. ಎಲ್ಲಾದನ್ನೂ ನಮ್ಮ ಟೈಮಿಗೆ ತಿರುಗಿಸ್ಕೊಂಡು ಬಿಟ್ರೆ ಮುಗೀತು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಅಂದ್ರೆ ನಮ್ಮ ಗಡಿಯಾರದಲ್ಲಿ ಅಮ್ಮ 18ನೇ ತಾರೀಖು ಬೆಳಗಿನ ಜಾವ 4:30ಕ್ಕೆ ಹೊರಡ್ತಾರೆ, 8:25ಕ್ಕೆ ದುಬೈ ಇಳೀತಾರೆ, 10:20ಕ್ಕೆ ಎರಡನೇ ವಿಮಾನ, ಅಲ್ಲಿಂದ 16 ಗಂಟೆ, 19ನೇ ತಾರೀಖು ರಾತ್ರಿ 2:20ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ. ಅಲ್ಲಿ ಆಗ ಇನ್ನೂ 18ನೇ ತಾರೀಖು ಮಧ್ಯಾಹ್ನ.

ವಾಪಸ್ ಬರುವಾಗ ಒಂದು ವಿಷಯ ನೆನಪಿಡಿ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲನೇ ಭಾನುವಾರದವರೆಗೆ ಗಡಿಯಾರ ಒಂದು ಗಂಟೆ ಮುಂದೆ ಇಡ್ತಾರೆ, ಹಾಗಾಗಿ ಜೂನಲ್ಲಿ ವ್ಯತ್ಯಾಸ ಹದಿಮೂರೂವರೆ ಅಲ್ಲ, ಹನ್ನೆರಡೂವರೆ. ಅವರ ಜೂನ್ 10 ಸಂಜೆ 4 ಅಂದ್ರೆ ನಮಗೆ ಜೂನ್ 11 ಬೆಳಗಿನ ಜಾವ 4:30. ಅಲ್ಲಿಂದ 12ನೇ ತಾರೀಖು 3 ಗಂಟೆ ತನಕ ಎಣಿಸಿ, 22:30 ಬರುತ್ತೆ. ಎರಡು ದಿನ ಏನೂ ಆಗಲ್ಲ.

ನಿಮ್ಮ ತಂದೆಗೆ ಒಂದು ಸುಲಭದ ದಾರಿ ಹೇಳಿಕೊಡಿ. ಜನವರಿಯಲ್ಲಿ ಗೋಡೆ ಗಡಿಯಾರ ನೋಡಿ ಒಂದೂವರೆ ಗಂಟೆ ಕಳೆದು ಹಗಲನ್ನ ರಾತ್ರಿ ಮಾಡ್ಕೊಂಡ್ರೆ ಮಗಳ ಮನೆ ಟೈಮ್ ಸಿಕ್ತು. ಇಲ್ಲಿ ಬೆಳಿಗ್ಗೆ 9 ಅಂದ್ರೆ ಅಲ್ಲಿ ಹಿಂದಿನ ರಾತ್ರಿ ಏಳೂವರೆ. ಮಾರ್ಚ್ ಆದ್ಮೇಲೆ ಒಂದೂವರೆ ಬದಲು ಬರೀ ಅರ್ಧ ಗಂಟೆ ಕಳೆದ್ರೆ ಸಾಕು. ನಮ್ಮ ಮನೇಲಿ ಅಜ್ಜಿ ಕೂಡ ಹೀಗೇ ಲೆಕ್ಕ ಹಾಕ್ತಾರೆ, ಒಂದು ಸಲನೂ ತಪ್ಪಿಲ್ಲ.


ಸರಸ್ವತಿಪುರಂ ಮೇಷ್ಟ್ರು (ಮೈಸೂರು)

ಸಮಯದ ಪ್ರಶ್ನೆಗೆ ಮೇಲೆ ಚೆನ್ನಾಗಿ ಉತ್ತರ ಬಂದಿದೆ. ನಾನು ದೂರದ ಬಗ್ಗೆ ಬರೀತೀನಿ, ಮೂವತ್ತು ವರ್ಷ ಹೈಸ್ಕೂಲಲ್ಲಿ ಭೂಗೋಳ ಪಾಠ ಮಾಡಿದೀನಿ, ನಿಮ್ಮ ತಂದೆಯವರ ಪ್ರಶ್ನೆ ಓದಿ ಬಹಳ ಸಂತೋಷವಾಯ್ತು. ಅವರು ಅಳೆದದ್ದು ತಪ್ಪಿಲ್ಲ ಸಾರ್, ಅಳೆದ ಕಾಗದ ತಪ್ಪು.

ಪ್ರಪಂಚದ ಚಪ್ಪಟೆ ಮ್ಯಾಪಿನ ಕೆಳಗೆ ಕೊಟ್ಟಿರೋ ಸ್ಕೇಲು ಸಮಭಾಜಕ ವೃತ್ತದ ಹತ್ರ ಮಾತ್ರ ನಂಬೋ ಹಾಗಿರುತ್ತೆ. ಅಲ್ಲಿ ಒಂದು ಡಿಗ್ರಿ ರೇಖಾಂಶ ಅಂದ್ರೆ 111 ಕಿಲೋಮೀಟರ್. ಉತ್ತರಕ್ಕೆ ಹೋದಂಗೆ ಹೋದಂಗೆ ರೇಖಾಂಶಗಳು ಹತ್ತಿರ ಬರ್ತವೆ, 60 ಡಿಗ್ರಿ ಉತ್ತರದಲ್ಲಿ ಅದೇ ಒಂದು ಡಿಗ್ರಿ ಅರ್ಧಕ್ಕರ್ಧ, ಐವತ್ತೈದೂವರೆ ಕಿಲೋಮೀಟರ್, ಧ್ರುವದಲ್ಲಿ ಎಲ್ಲಾ ಸೇರಿ ಒಂದೇ ಚುಕ್ಕಿ. ಮ್ಯಾಪಲ್ಲಿ ಮಾತ್ರ ಅವನ್ನ ಮೇಲಿಂದ ಕೆಳಗಿನ ತನಕ ಒಂದೇ ಅಂತರದಲ್ಲಿ ನೆಟ್ಟಗೆ ಎಳೆದಿರ್ತಾರೆ. ಅಟ್ಲಾಸಲ್ಲಿ ಬೆಂಗಳೂರಿಂದ ಎಡಕ್ಕೆ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಸ್ಯಾನ್ ಫ್ರಾನ್ಸಿಸ್ಕೊಗೆ 200 ಡಿಗ್ರಿ ರೇಖಾಂಶ ಇದೆ, ಅದನ್ನ 111ರಿಂದ ಗುಣಿಸಿದ್ರೆ 22,200. ನಿಮ್ಮ ತಂದೆಗೆ ಸಿಕ್ಕಿದ್ದು ಇದೇ.

ಈಗ ಒಂದು ಗ್ಲೋಬ್ ತಗೊಳ್ಳಿ, ಇಲ್ಲದಿದ್ರೆ ಪಕ್ಕದ ಮನೆ ಮಕ್ಕಳ ಹತ್ರ ಇಸ್ಕೊಳ್ಳಿ. ಹೂ ಕಟ್ಟೋ ದಾರದ ಒಂದು ತುದಿ ಬೆಂಗಳೂರಲ್ಲಿ ಒತ್ತಿ ಹಿಡಿದು, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೊ ಮೇಲಿಟ್ಟು ಬಿಗಿಯಾಗಿ ಎಳೀರಿ. ದಾರ ಪಶ್ಚಿಮಕ್ಕೂ ಹೋಗಲ್ಲ, ನೇರ ಪೂರ್ವಕ್ಕೂ ಹೋಗಲ್ಲ. ಸ್ವಲ್ಪವೇ ಬಲಕ್ಕೆ ವಾಲಿ ಉತ್ತರಕ್ಕೆ ಏರುತ್ತೆ, ಹಿಮಾಲಯ ದಾಟಿ, ಚೀನಾ ದಾಟಿ, ಸೈಬೀರಿಯಾದ ಮೇಲ್ತುದೀಲಿ ಸುಮಾರು 71 ಡಿಗ್ರಿ ಉತ್ತರ ಮುಟ್ಟಿ ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತೆ. ಆ ದಾರದ ಉದ್ದವೇ 14 ಸಾವಿರ, ಸರಿಯಾಗಿ ಹೇಳ್ಬೇಕಂದ್ರೆ 13,990ರ ಆಸುಪಾಸು. ಇದನ್ನ ಮಹಾವೃತ್ತದ ದೂರ ಅಂತೀವಿ. ವಿಮಾನದ ದೂರ ಅಂತ ನೆಟ್ಟಲ್ಲಿ ಕೊಡೋದೆಲ್ಲಾ ಈ ದಾರದ ಉದ್ದವೇ.

ನಾಲೆ ಸರ್ವೇ ಮಾಡೋವಾಗ ಇಪ್ಪತ್ತು ಮೂವತ್ತು ಕಿಲೋಮೀಟರಿಗೆ ಭೂಮಿಯ ಬಾಗು ಅಷ್ಟು ಕಾಡಲ್ಲ, ಕಾಡಿದ್ರೂ ಲೆವೆಲ್ಲಿಂಗಲ್ಲಿ ಅದಕ್ಕೆ ತಿದ್ದುಪಡಿ ಇದೆ, ಅದು ನಿಮ್ಮ ತಂದೆಗೇ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ರ ಲ್ಯಾಂಬ್ಟನ್ ಅನ್ನೋ ಬ್ರಿಟಿಷ್ ಅಧಿಕಾರಿ ಬೇಸ್‌ಲೈನ್, ಅಂದ್ರೆ ಅಳತೆಯ ಮೊದಲ ಗೆರೆ, ಹಿಡಿದು ಶುರು ಮಾಡಿದ ಮಹಾ ಸರ್ವೇ ಕೂಡ ಭೂಮಿಯ ಈ ಬಾಗನ್ನ ಅಳೆಯೋ ಉದ್ದೇಶಕ್ಕೇ ಅಲ್ವೇ. ಅವರಿಗೆ ಇದನ್ನ ನೆನಪು ಮಾಡಿ, ದಾರದ ಲೆಕ್ಕ ತಕ್ಷಣ ಒಪ್ತಾರೆ ನೋಡಿ.

ಇನ್ನೊಂದು ಮಾತು. ನಿಮ್ಮ ತಾಯಿ ದುಬೈ ಮೇಲೆ ಹೋಗ್ತಿರೋದ್ರಿಂದ 14 ಸಾವಿರ ಅಲ್ಲ. ಬೆಂಗಳೂರು–ದುಬೈ ಸುಮಾರು 2,700, ದುಬೈ–ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 13,000, ಒಟ್ಟು 15,700. ಜರ್ಮನಿಯ ಫ್ರಾಂಕ್‌ಫರ್ಟ್ ಮೇಲೆ ಹೋಗಿದ್ರೆ 7,400 ಮತ್ತು 9,150, ಕೂಡಿ 16,550 ಆಗ್ತಿತ್ತು. ದುಬೈ ದಾರೀಲಿ ಒಂದು ಸ್ವಾರಸ್ಯ ಇದೆ. ದುಬೈ 55 ಡಿಗ್ರಿ ಪೂರ್ವ, ಸ್ಯಾನ್ ಫ್ರಾನ್ಸಿಸ್ಕೊ 122 ಡಿಗ್ರಿ ಪಶ್ಚಿಮ, ಕೂಡಿದ್ರೆ 177 ಚಿಲ್ಲರೆ, ಅಂದ್ರೆ ರೇಖಾಂಶದ ಲೆಕ್ಕದಲ್ಲಿ ಹೆಚ್ಚೂ ಕಡಿಮೆ ಭೂಮಿಯ ಎದುರು ಬದರು. ಹಾಗಾಗಿ ಅಲ್ಲಿ ದಾರ ಎಳೆದ್ರೆ ಉತ್ತರ ಧ್ರುವದ ಪಕ್ಕದಲ್ಲೇ ಹಾದು ಹೋಗುತ್ತೆ. ಮಂಡ್ಯದ ತಾಯಿ ಒಬ್ಬರು ಬಾಣಂತನಕ್ಕೆ ಉತ್ತರ ಧ್ರುವದ ಹತ್ತಿರದಿಂದ ಹೋಗ್ತಾರೆ ಅನ್ನೋದು ನನಗಂತೂ ರೋಮಾಂಚನ.


ಸಕ್ಕರೆನಾಡು84 (ಮಂಡ್ಯ)

ಮೇಷ್ಟ್ರೇ ನಮಸ್ಕಾರ, ಕೈ ಮುಗೀತೀನಿ. ಅಪ್ಪ ನಿಮ್ಮ ಉತ್ತರವನ್ನ ಎರಡು ಸಲ ಓದಿಸಿಕೊಂಡ್ರು, ಪಕ್ಕದ ಮನೆಯಿಂದ ಗ್ಲೋಬ್ ತಂದು ದಾರ ಎಳೆದೂ ಆಯ್ತು. ದಾರಾನ ಗ್ಲೋಬಿನ ಸ್ಕೇಲಿಗೆ ಹಿಡಿದು ಹದಿನಾಲ್ಕಕ್ಕೆ ಬಂತು ಅಂತ ಒಪ್ಕೊಂಡ್ರು. ಆದ್ರೆ ಈಗ ಹೊಸದು ಹಿಡ್ಕೊಂಡಿದಾರೆ. ದುಬೈಗೆ 2,700 ಕಿಲೋಮೀಟರ್ 3 ಗಂಟೆ 55 ನಿಮಿಷ ಅಂದ್ರೆ ಗಂಟೆಗೆ 690, ಆಮೇಲೆ 13,000 ಕಿಲೋಮೀಟರ್ 16 ಗಂಟೆ ಅಂದ್ರೆ ಗಂಟೆಗೆ 810. ಮೊದಲನೇದು ನಿಧಾನದ ವಿಮಾನವಾ? ಮತ್ತೆ 900 ಅಂತ ಎಲ್ರೂ ಹೇಳ್ತಾರಲ್ಲ ಅದು ಎಲ್ಲೂ ಬರ್ತಿಲ್ವಲ್ಲ ಅಂತ ಕೇಳ್ತಿದಾರೆ. ಇದಕ್ಕೆ ಯಾರಾದ್ರೂ ಹೇಳ್ತೀರಾ?


ಮದ್ದೂರು ಹುಡುಗ (ದೇವನಹಳ್ಳಿ)

ಅಣ್ಣ ನಾನು ಮದ್ದೂರಿನವನೇ, ಹನ್ನೊಂದು ವರ್ಷದಿಂದ ಏರ್‌ಪೋರ್ಟಲ್ಲಿ ಗ್ರೌಂಡ್ ಕೆಲಸ. ನಿಮ್ಮ ತಂದೆ ಕೇಳಿರೋದು ಸರಿಯಾದ ಪ್ರಶ್ನೆ ಕಣಣ್ಣ, ನಮ್ಮ ಕೆಲಸದ ಜೀವಾನೇ ಅದು.

ಟಿಕೆಟ್‌ನಲ್ಲಿರೋದು ವಿಮಾನ ಗಾಳೀಲಿರೋ ಟೈಮ್ ಅಲ್ಲ. ನಾವು ಅದನ್ನ ಬ್ಲಾಕ್ ಟೈಮ್ ಅಂತೀವಿ. ಚಕ್ರ ಉರುಳದಂಗೆ ಇಟ್ಟಿರೋ ಅಡ್ಡ ತುಂಡು, ಚಾಕ್ ಅಂತೀವಿ, ಅದನ್ನ ತೆಗೆದು ವಿಮಾನ ನಿಂತ ಜಾಗದಿಂದ ಅಲುಗಿದ ನಿಮಿಷದಿಂದ, ಆ ಕಡೆ ಊರಲ್ಲಿ ನಿಂತು ಮತ್ತೆ ಚಕ್ರಕ್ಕೆ ಚಾಕ್ ಇಡೋ ನಿಮಿಷದವರೆಗೆ. ಮೊದಲು ಹಿಂದಕ್ಕೆ ತಳ್ತಾರೆ, ಆಮೇಲೆ ಇಂಜಿನ್ ಸ್ಟಾರ್ಟ್, ಆಮೇಲೆ ರನ್‌ವೇ ತುದಿಗೆ ನಿಧಾನವಾಗಿ ಹೋಗೋದು, ಮುಂದೆ ಮೂರ್ನಾಲ್ಕು ವಿಮಾನ ಲೈನಲ್ಲಿದ್ರೆ ಕಾಯೋದು, ಇದರಲ್ಲೇ ಹದಿನೈದು ಇಪ್ಪತ್ತು ನಿಮಿಷ ಹೋಗಿರುತ್ತೆ. ಹಾರಿದ್ಮೇಲೂ 10,000 ಅಡಿ ದಾಟೋತನಕ ಗಂಟೆಗೆ ಸುಮಾರು 460 ಕಿಲೋಮೀಟರಿಗಿಂತ ಜಾಸ್ತಿ ಸ್ಪೀಡ್ ಸಾಮಾನ್ಯವಾಗಿ ಬಿಡಲ್ಲ. ನೀವು ಹೇಳೋ 850, 900 ಬರೋದು ಮೂವತ್ತೈದು ಸಾವಿರ ಅಡಿ ಮುಟ್ಟಿದ್ಮೇಲೆ. ಇಳಿಯುವಾಗ ಇದೇ ಕಥೆ ಉಲ್ಟಾ. ಹೀಗೆ ನಿಧಾನಕ್ಕೆ ಹೋಗೋ ಭಾಗ ದುಬೈ ಟ್ರಿಪ್ಪಿಗೂ ಹೆಚ್ಚು ಕಮ್ಮಿ ಅಷ್ಟೇ, ಅಮೆರಿಕ ಟ್ರಿಪ್ಪಿಗೂ ಅಷ್ಟೇ. ನಾಲ್ಕು ಗಂಟೆ ಪ್ರಯಾಣಕ್ಕೆ ಅದು ದೊಡ್ಡ ಪಾಲು, ಹದಿನಾರು ಗಂಟೆಗೆ ಸಣ್ಣ ಪಾಲು. ಅದಕ್ಕೇ ಸರಾಸರಿ ಏರಿಳಿಯೋದು, ವಿಮಾನ ನಿಧಾನ ಅಂತಲ್ಲ.

ನಮ್ಮ ಕಡೇದೇ ಉದಾಹರಣೆ ನೋಡಿ. ಬೆಂಗಳೂರು–ದೆಹಲಿ ದಾರದ ದೂರ 1,700 ಕಿಲೋಮೀಟರ್, ಟಿಕೆಟ್‌ನಲ್ಲಿ ಎರಡೂಮುಕ್ಕಾಲು ಗಂಟೆ ಇರುತ್ತೆ, ಸರಾಸರಿ 620ರ ಹತ್ರ. ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟಿಂದ ಚೆನ್ನೈಗೆ 390 ಕಿಲೋಮೀಟರ್ ಅಷ್ಟೇ, ಆದ್ರೂ ಒಂದೂಕಾಲು ಒಂದೂವರೆ ಗಂಟೆ ಹಾಕ್ತಾರೆ, ಸರಾಸರಿ ಬರೀ 300ರ ಆಸುಪಾಸು. ಅದು ಎಟಿಆರ್, ಫ್ಯಾನ್ ಇರೋ ವಿಮಾನ, ಮೇಲೆ ಹೋದ್ರೂ ಗಂಟೆಗೆ 500ರ ಆಜುಬಾಜೇ. ಮೈಸೂರು ರನ್‌ವೇ ಸಾವಿರದ ಏಳ್ನೂರು ಚಿಲ್ರೆ ಮೀಟರ್ ಅಲ್ವಾ, ಜೆಟ್ ಸರ್ವೀಸಿಗೆ ಸಾಲದು. ದೇವನಹಳ್ಳೀಲಿ ಎರಡು ರನ್‌ವೇ ಇದಾವೆ, ಒಂದೊಂದೂ 4,000 ಮೀಟರ್.

ಇನ್ನು ಗಾಳಿ. ಮೇಲೆ ಮೂವತ್ತು ನಲವತ್ತು ಸಾವಿರ ಅಡೀಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಗಾಳಿ ಹೊಳೆ ತರ ಹರೀತಿರುತ್ತೆ, ಜೆಟ್ ಸ್ಟ್ರೀಮ್ ಅಂತಾರೆ, ಚಳಿಗಾಲದಲ್ಲಿ ಅದರ ಜೋರು ಇನ್ನೂ ಜಾಸ್ತಿ. ವಿ.ಸಿ. ನಾಲೇಲಿ ಈಜಿದೋರಿಗೆ ಬಿಡಿಸಿ ಹೇಳೋದೇ ಬೇಡ, ನೀರು ಹೋಗೋ ಕಡೆ ಕೈ ಆಡಿಸಿದ್ರೂ ಮುಂದಕ್ಕೆ ಹೋಗ್ತೀವಿ, ಎದುರಿಗೆ ಹೋದ್ರೆ ಅಷ್ಟೇ ದೂರಕ್ಕೆ ಉಸಿರು ಹೋಗುತ್ತೆ. ಬೆಂಗಳೂರಿಂದ ಲಂಡನ್ನಿಗೆ 8,000 ಕಿಲೋಮೀಟರ್, ಹೋಗುವಾಗ ಗಾಳಿ ಎದುರು, ಬರುವಾಗ ಬೆನ್ನಿಗೆ, ಅದಕ್ಕೆ ಬರೋದು ಸುಮಾರು ಒಂದು ಗಂಟೆ ಬೇಗ ಆಗುತ್ತೆ. ನಿಮ್ಮ ತಾಯಿ ದಾರಿ ಹೆಚ್ಚು ಭಾಗ ಉತ್ತರಕ್ಕೆ ಏರಿ ದಕ್ಷಿಣಕ್ಕೆ ಇಳಿಯೋ ದಾರಿ, ಅದರಿಂದ ಹೋಗೋದಕ್ಕೂ ಬರೋದಕ್ಕೂ ಅಂತ ವ್ಯತ್ಯಾಸ ಕಾಣ್ತಿಲ್ಲ, ದುಬೈ–ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಹೋಗೋಕೆ 16 ಗಂಟೆ, ಬರೋಕೆ ಹದಿನೈದೂವರೆ.

ಮೇಷ್ಟ್ರು ಹೇಳಿದ ದಾರ ಹಿಮಾಲಯದ ಮೇಲೆ ಹೋಗುತ್ತೆ, ಆದ್ರೆ ವಿಮಾನಗಳು ಟಿಬೆಟ್ ಮೇಲೆ ಹೋಗೋದನ್ನ ಆದಷ್ಟು ತಪ್ಪಿಸ್ತಾವೆ. ಒಳಗಡೆ ಗಾಳಿ ಒತ್ತಡ ಕಮ್ಮಿ ಆಯ್ತು ಅಂದ್ರೆ ಪೈಲಟ್ ತಕ್ಷಣ 10,000 ಅಡಿಗೆ ಇಳಿಸ್ಬೇಕು, ಪ್ಯಾಸೆಂಜರ್ ಮಾಸ್ಕಲ್ಲಿ ಆಕ್ಸಿಜನ್ ಬರೋದು ಕೆಲವೇ ನಿಮಿಷ. ಟಿಬೆಟ್ ನೆಲವೇ ಹದಿನೈದು ಸಾವಿರ ಅಡಿ ಎತ್ತರದಲ್ಲಿದೆ, ಇಳಿಯೋದೆಲ್ಲಿಗೆ? ಅದಕ್ಕೆ ಸುತ್ತು ಹಾಕ್ತಾರೆ. ಯಾವುದಾದ್ರೂ ದೇಶ ತನ್ನ ಆಕಾಶ ಮುಚ್ಚಿದ್ರೂ ಸುತ್ತು ಬೀಳುತ್ತೆ. 2025ರ ಏಪ್ರಿಲಲ್ಲಿ ಪಾಕಿಸ್ತಾನ ನಮ್ಮ ದೇಶದ ವಿಮಾನಗಳಿಗೆ ದಾರಿ ಮುಚ್ಚಿದಾಗ ಎಷ್ಟೋ ಫ್ಲೈಟ್‌ಗಳ ಟೈಮ್ ಬದಲಾಯ್ತು. ಹೀಗಾಗಿ ದಾರದ ಉದ್ದ ಒಂದು, ವಿಮಾನ ನಿಜವಾಗಿ ಹಾರೋ ದೂರ ಇನ್ನೊಂದು, ಯಾವಾಗ್ಲೂ ಎರಡನೇದು ಸ್ವಲ್ಪ ಜಾಸ್ತಿನೇ.


ನಂಜನಗೂಡು ರಸಬಾಳೆ

ಒಂದು ಡೌಟು. ಬೆಂಗಳೂರಿಂದ ನೇರ ವಿಮಾನ ಇತ್ತಲ್ವಾ ಸ್ಯಾನ್ ಫ್ರಾನ್ಸಿಸ್ಕೊಗೆ? 2021ರ ಜನವರೀಲಿ ಏರ್ ಇಂಡಿಯಾದ ಮೊದಲ ಫ್ಲೈಟ್ ಬಂದಾಗ ಪೈಲಟ್‌ಗಳೆಲ್ಲಾ ಹೆಣ್ಮಕ್ಕಳೇ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವ, ಉತ್ತರ ಧ್ರುವದ ಮೇಲೆ ಹಾರಿಸ್ಕೊಂಡು ಬಂದ್ರು ಅಂತ ಪೇಪರಲ್ಲೆಲ್ಲಾ ಬಂದಿತ್ತು. ಅದೂ 9ನೇ ತಾರೀಖು ರಾತ್ರಿ ಅಲ್ಲಿ ಹೊರಟು ಇಲ್ಲಿಗೆ 11ನೇ ತಾರೀಖು ಬೆಳಗಿನ ಜಾವ ಬಂದಿತ್ತು, ಹಾರಿದ್ದು ಮಾತ್ರ ಹದಿನೇಳು ಗಂಟೆ. ನಿಮ್ಮಮ್ಮನ ವಾಪಸ್ ಟಿಕೆಟ್ಟಲ್ಲಿ ಇರೋದೂ ಇದೇ ತಾರೀಖಿನ ಆಟ. ನೇರ ಹೋಗೋದು ಸಿಕ್ಕಿದ್ರೆ ವಯಸ್ಸಾದವರಿಗೆ ಅದೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ನಡುವೆ ಇಳಿದು ಹತ್ತೋ ಗೋಜಿಲ್ಲ.


ಕುವೆಂಪುನಗರದ ಅಜ್ಜಿ (ಮೈಸೂರು)

ನಾನು ಎರಡು ಬಾಣಂತನಕ್ಕೆ ಹೋಗಿ ಬಂದಿದೀನಪ್ಪ, ಒಂದ್ಸಲ ದುಬೈ ಮೇಲೆ, ಒಂದ್ಸಲ ಫ್ರಾಂಕ್‌ಫರ್ಟ್ ಮೇಲೆ. ರಸಬಾಳೆಯವರು ಹೇಳಿದ್ದಕ್ಕೆ ನನ್ನದು ಬೇರೆ ಅಭಿಪ್ರಾಯ. ಮಂಡಿ ನೋವಿರೋರಿಗೆ ನಡುವೆ ಇಳಿದು ನಾಲ್ಕು ಹೆಜ್ಜೆ ಓಡಾಡೋದೇ ಒಳ್ಳೇದು. ಸತತ ಹದಿನಾರು ಗಂಟೆ ಕೂತು ಎದ್ದಾಗ ನನ್ನ ಪಾದ ಚಪ್ಪಲಿಗೆ ಹಿಡಿಸ್ತಿರ್ಲಿಲ್ಲ.

ಎಲ್ರೂ ವಿಮಾನದ ಗಂಟೆ ಲೆಕ್ಕ ಹಾಕಿದೀರಿ, ಆದ್ರೆ ತಾಯಿ ಮೈಗೆ ಗೊತ್ತಾಗೋದು ಮನೆ ಹೊಸಿಲಿಂದ ಹೊಸಿಲಿನ ಲೆಕ್ಕ. ನಾಲ್ಕೂವರೆ ಫ್ಲೈಟಿಗೆ ಒಂದೂವರೆ ಒಳಗೆ ಏರ್‌ಪೋರ್ಟಲ್ಲಿರ್ಬೇಕು. ಮಂಡ್ಯದಿಂದ ಎಕ್ಸ್‌ಪ್ರೆಸ್‌ವೇಲಿ ಬೆಂಗಳೂರು ಬೇಗ ಬಂದ್ಬಿಡುತ್ತೆ, ಊರು ದಾಟಿ ದೇವನಹಳ್ಳಿ ಮುಟ್ಟೋದೇ ಹೊತ್ತು. ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಬಿಡಿ, ಕಾರಲ್ಲಾದ್ರೆ ಹನ್ನೆರಡೂವರೆಗೆ ನೆಮ್ಮದಿಯಾಗಿ ತಲುಪ್ತೀರಿ, ಟೈರ್ ಪಂಕ್ಚರ್ ಆದ್ರೂ ಒಂದು ಗಂಟೆ ಕೈಯಲ್ಲಿರುತ್ತೆ. ಮೈಸೂರಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ಸೂ ಇದೆ, ನಾನು ಎರಡೂ ಸಲ ಅದರಲ್ಲೇ ಹೋಗಿದ್ದು. ಹೊರದೇಶದ್ದೆಲ್ಲಾ ಟರ್ಮಿನಲ್ 2, ಡ್ರೈವರಿಗೆ ಮೊದಲೇ ಹೇಳಿ. ಆ ಕಡೆ ಇಳಿದ್ಮೇಲೆ ಇಮಿಗ್ರೇಷನ್ ಕ್ಯೂ ಒಂದೂವರೆ ಗಂಟೆ ಹಿಡೀರಿ, ಮಗಳ ಮನೆಗೆ ಒಂದು ಗಂಟೆ. ಏಳೂವರೆ, ಇಪ್ಪತ್ತೆರಡು, ಎರಡೂವರೆ, ಕೂಡಿದ್ರೆ ಮೂವತ್ತೆರಡು ಗಂಟೆ. ನಿಮ್ಮಮ್ಮನಿಗೆ ಎಂಟು ಗಂಟೆ ಅಂತ ಹೇಳಿ ಕಳಿಸ್ಬೇಡಿ, ಮೂವತ್ತೆರಡು ಅಂತಲೇ ಹೇಳಿ. ಗೊತ್ತಿದ್ದು ಹೋದ್ರೆ ತಡ್ಕೊತೀವಿ, ಗೊತ್ತಿಲ್ದೆ ಹೋದ್ರೆ ಹತ್ತನೇ ಗಂಟೆಗೇ ಇನ್ನೂ ಯಾಕೆ ಬರ್ಲಿಲ್ಲ ಅಂತ ಎದೆ ಹೊಡ್ಕೊಳಕ್ಕೆ ಶುರುವಾಗುತ್ತೆ. ಮೊದಲ ಸಲ ನನಗೆ ಹಾಗೇ ಆಗಿತ್ತು.

ಕತ್ತಲೆ ವಿಷಯಾನೂ ಹೇಳಿಟ್ಟಿರಿ. ದುಬೈಯಿಂದ ಬೆಳಿಗ್ಗೆ ಬಿಸಿಲಲ್ಲಿ ಹೊರಟ ವಿಮಾನ ಮೇಲಕ್ಕೆ ಹೋದಂಗೆ ಕತ್ತಲಾಗುತ್ತೆ. ಜನವರೀಲಿ ಧ್ರುವದ ಕಡೆ ಸೂರ್ಯ ಹುಟ್ಟೋದೇ ಇಲ್ವಲ್ಲ. ಆಮೇಲೆ ಕೆನಡಾ ಮೇಲೆ ಬರೋ ಹೊತ್ತಿಗೆ ಮತ್ತೆ ಬೆಳಕಾಗುತ್ತೆ. ನಾನು ಕಿಟಕಿ ಸ್ವಲ್ಪ ಎತ್ತಿ ನೋಡಿದ್ದೆ, ಒಂದೇ ತಾರೀಖಲ್ಲಿ ಎರಡನೇ ಸಲ ಬೆಳಗಾಯ್ತು, ಕೆಳಗೆ ಎಲ್ಲಿ ನೋಡಿದ್ರೂ ಹಿಮ. ಕೈ ಮುಗಿದೆ.

ಶುಗರ್ ಮಾತ್ರೆ ಆಯಾ ಊರಿನ ಗಡಿಯಾರ ನೋಡ್ಕೊಂಡು ತಗೊಳಕ್ಕಾಗಲ್ಲ. ಡಾಕ್ಟ್ರ ಹತ್ರ ಟಿಕೆಟ್ ತಗೊಂಡ್ ಹೋಗಿ, ಮೇಲೆ ಬರೆದಿದಾರಲ್ಲ ನಮ್ಮ ಟೈಮಿನ ಪಟ್ಟಿ, ಅದನ್ನ ತೋರ್ಸಿ ಯಾವ ಹೊತ್ತಿಗೆ ಯಾವುದು ಅಂತ ಚೀಟೀಲಿ ಬರೆಸ್ಕೊಳ್ಳಿ. ಅಮ್ಮನ ಕೈಗಡಿಯಾರ ಮಾತ್ರ ಬದಲಾಯಿಸ್ಬೇಡಿ, ಮಗಳ ಮನೆ ಸೇರೋತನಕ ನಮ್ಮ ಟೈಮೇ ಇರ್ಲಿ. ಮಾತ್ರೆ ಎಲ್ಲಾ ಕೈಚೀಲದಲ್ಲಿ. ಗಂಟೆಗೊಂದ್ಸಲ ಎದ್ದು ಓಡಾಡ್ಲಿ, ಆಗದಿದ್ರೆ ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸ್ಲಿ, ನೀರು ಕುಡೀತಿರ್ಲಿ, ಬಾತ್ರೂಮಿಗೆ ಎದ್ದೇಳ್ಬೇಕಾಗುತ್ತೆ ಅಂತ ನೀರು ಬಿಡೋದು ಬೇಡ. ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಭಯ ಇರುತ್ತೆ ಉದ್ದದ ಪ್ರಯಾಣದಲ್ಲಿ. ವೀಲ್‌ಚೇರ್ ಈಗಲೇ ಬುಕ್ ಮಾಡಿ. ದುಬೈಯಲ್ಲಿ ಇರೋದು ಎರಡು ಗಂಟೆಗೂ ಕಮ್ಮಿ, ವೀಲ್‌ಚೇರ್‌ನೋರು ಬಂದ್ರೆ ಗೇಟ್ ಹುಡುಕೋ ಕಷ್ಟ ಇರಲ್ಲ.

ಬಾಣಂತಿಗೆ ಅಂತ ಒಣ ಕೊಬ್ಬರಿ ತುಂಬ್ತೀರಿ ಅಂತ ಗೊತ್ತು. ಲಗೇಜಿಗೆ ಹಾಕೋ ಸೂಟ್‌ಕೇಸಲ್ಲಿ ಕೊಬ್ಬರಿ ಬಿಡಲ್ಲ, ಎಣ್ಣೆ ಅಂಶ ಇರೋದ್ರಿಂದ ಬೆಂಕಿ ಹತ್ತೋ ವಸ್ತು ಅಂತ ಲೆಕ್ಕ. ನಂದು ತೆಗೆಸಿದ್ರು, ಇಡೀ ಸೂಟ್‌ಕೇಸ್ ಬಿಚ್ಚಿ ಮತ್ತೆ ತುಂಬೋಷ್ಟರಲ್ಲಿ ಅರ್ಧ ಗಂಟೆ ಹೋಯ್ತು. ಮೆಣಸಿನ ಪುಡಿ, ಹುಳಿ ಪುಡಿ, ಲೇಹ್ಯ ತಗೊಂಡ್ ಹೋಗ್ಲಿ, ಆದ್ರೆ ಅಲ್ಲಿ ಇಳಿದಾಗ ತಿನ್ನೋ ಪದಾರ್ಥ ಇದೆ ಅಂತ ಬಾಯ್ಬಿಟ್ಟು ಹೇಳ್ಬೇಕು. ಹೇಳಿದ್ರೆ ನೋಡಿ ಬಿಡ್ತಾರೆ, ಮುಚ್ಚಿಟ್ರೆ ದಂಡ.


ಹೆಬ್ಬಾಳ ಎರಡನೇ ಹಂತ (ಮೈಸೂರು)

ಅಮ್ಮಾ, ಗಡಿಯಾರ ಬದಲಾಯಿಸ್ಬೇಡಿ ಅಂದಿದ್ದು ತುಂಬಾ ಒಳ್ಳೇ ಮಾತು. ಫೋನು ಮಾತ್ರ ತಾನೇ ಆಯಾ ಊರಿನ ಟೈಮಿಗೆ ಬದಲಾಗಿಬಿಡುತ್ತೆ, ಆಗ ಗಲಿಬಿಲಿ ಆಗೋದು. ಫೋನ್ ನೋಡೋದು ಫ್ಲೈಟ್ ಹತ್ತೋಕೆ, ಕೈಗಡಿಯಾರ ನೋಡೋದು ಮಾತ್ರೆಗೆ ಅಂತ ಹೇಳಿಕೊಟ್ರೆ ಸಾಕು.


ತಿ.ನರಸೀಪುರ_ರಸ್ತೆ

ಮಂಡಕಳ್ಳಿಯಿಂದ ಚೆನ್ನೈಗೋ ಹೈದರಾಬಾದಿಗೋ ಹೋಗಿ ಅಲ್ಲಿಂದ ಹತ್ತಿದ್ರೆ ಬೆಂಗಳೂರು ಟ್ರಾಫಿಕ್ ತಪ್ಪುತ್ತಲ್ಲ? ಮಂಡ್ಯದಿಂದ ಮಂಡಕಳ್ಳಿ ಒಂದು ಗಂಟೆ ದಾರಿ ಅಷ್ಟೇ.


ಮದ್ದೂರು ಹುಡುಗ (ದೇವನಹಳ್ಳಿ)

ಬೇಡ ಅಣ್ಣ, ಈ ಸಲಕ್ಕಂತೂ ಬೇಡ. ಅದು ಬೇರೆ ಟಿಕೆಟ್ ಆಗುತ್ತೆ, ಚೆನ್ನೈಯಲ್ಲಿ ಲಗೇಜ್ ಇಳಿಸ್ಕೊಂಡು ಮತ್ತೆ ಚೆಕಿನ್ ಮಾಡ್ಬೇಕು, ಮೊದಲನೇದು ಲೇಟಾಗಿ ಎರಡನೇದು ತಪ್ಪಿದ್ರೆ ಎರಡನೇ ಕಂಪನಿಯೋರು ಜವಾಬ್ದಾರಿ ತಗೊಳಲ್ಲ. ಈಗ ಇರೋದು ಒಂದೇ ಟಿಕೆಟ್, ಬೆಂಗಳೂರಲ್ಲಿ ಕೊಟ್ಟ ಸೂಟ್‌ಕೇಸ್ ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಸಿಗೋದು, ದುಬೈ ಫ್ಲೈಟ್ ಲೇಟಾದ್ರೆ ಮುಂದಿನದಕ್ಕೆ ಹತ್ತಿಸೋದು ಅವರ ಕೆಲಸ. ಕೌಂಟರಲ್ಲಿ ಕೊಡೋ ಟ್ಯಾಗ್ ಮೇಲೆ ಎಸ್‌ಎಫ್‌ಓ ಅಂತ ಕೊನೇ ಊರಿನ ಅಕ್ಷರ ಇದೆಯಾ ಅಂತ ನೀವು ಹೊರಗಡೆಯಿಂದ ನೋಡೋಕಾಗಲ್ಲ, ಅಮ್ಮನಿಗೇ ನೋಡ್ಕೊಳ್ಳೋಕೆ ಹೇಳಿ, ಮೂರೇ ಅಕ್ಷರ, ಒಂದು ಚೀಟೀಲಿ ಬರೆದುಕೊಡಿ.


ಸಕ್ಕರೆನಾಡು84 (ಮಂಡ್ಯ)

ಎಲ್ರಿಗೂ ತಿಳಿಸೋಣ ಅಂತ ಬಂದೆ. ಅಮ್ಮ ಕ್ಷೇಮವಾಗಿ ತಲುಪಿದ್ರು.

ರಾತ್ರಿ ಒಂಬತ್ತು ಹತ್ತಕ್ಕೆ ಮಂಡ್ಯ ಬಿಟ್ವಿ, ಹನ್ನೆರಡೂ ಮುಕ್ಕಾಲಿಗೆ ಟರ್ಮಿನಲ್ 2. ಕೊಬ್ಬರಿ ಮನೇಲೇ ತೆಗೆದಿಟ್ಟಿದ್ವಿ, ಅಜ್ಜಿಯವರಿಗೆ ತುಂಬಾ ಥ್ಯಾಂಕ್ಸ್. ಅಪ್ಪ ಒಂದು ನೋಟ್‌ಬುಕ್ಕಲ್ಲಿ ಎರಡು ಕಾಲಂ ಮಾಡಿದ್ರು, ಒಂದು ಕಡೆ ಟಿಕೆಟ್ ಟೈಮ್, ಇನ್ನೊಂದು ಕಡೆ ನಮ್ಮ ಟೈಮ್, ಅದರ ಒಂದು ಕಾಪಿ ಅಮ್ಮನ ಕೈಚೀಲದಲ್ಲಿ ಮಾತ್ರೆ ಚೀಟಿ ಜೊತೆ. ವಿಮಾನ ನಿಂತ ಜಾಗದಿಂದ ಅಲುಗಿದ್ದು 4:41ಕ್ಕೆ, ಗಾಳಿಗೆ ಎದ್ದಿದ್ದು 5 ಗಂಟೆ 2 ನಿಮಿಷಕ್ಕೆ, ಆ್ಯಪಲ್ಲಿ ನೋಡ್ತಿದ್ವಿ. ಇಪ್ಪತ್ತೊಂದು ನಿಮಿಷ ನೆಲದ ಮೇಲೇ ಹೋಯ್ತಲ್ಲ, ಆ ಹುಡುಗ ಹೇಳಿದ್ದು ಸರಿ ಅಂತ ಅಪ್ಪ ಅದನ್ನೂ ಬರ್ಕೊಂಡ್ರು. ಅಷ್ಟು ತಡವಾಗಿ ಎದ್ರೂ ದುಬೈಗೆ ಏಳು ನಿಮಿಷ ಮಾತ್ರ ಲೇಟು.

ಆಮೇಲಿನ ಹದಿನಾರು ಗಂಟೆ ಅಪ್ಪ ಗ್ಲೋಬ್ ಪಕ್ಕದಲ್ಲೇ ಇಟ್ಕೊಂಡಿದ್ರು. ಸಂಜೆ ಹಸು ಹಾಲು ಕರೆದು ಬಂದು ಆ್ಯಪ್ ನೋಡಿದ್ರೆ ವಿಮಾನ ಮ್ಯಾಪಿನ ತುತ್ತ ತುದೀಲಿತ್ತು, ಮೇಷ್ಟ್ರೇ, ನಿಮ್ಮ ಹೆಸರು ಹೇಳಿ ಅಲ್ಲಿಗೆ ಬೆರಳಿಟ್ಟು ನನ್ನ ಮಗನಿಗೆ ತೋರಿಸಿದ್ರು. ರಾತ್ರಿ ಮಲಗಿ ಅಪ್ಪ, ಎರಡೂ ಇಪ್ಪತ್ತಕ್ಕೆ ಎಬ್ಬಿಸ್ತೀನಿ ಅಂದ್ರೂ ಕೇಳ್ಲಿಲ್ಲ. 2:14ಕ್ಕೆ ಇಳೀತು. ಫೋನ್ ಬಂದಿದ್ದು ಬೆಳಗಿನ ಜಾವ 4 ಗಂಟೆ 5 ನಿಮಿಷಕ್ಕೆ, ತಂಗಿ ಫೋನಿಂದ. ಅಮ್ಮ ಮೊದಲು ಹೇಳಿದ್ದು, ಕಾಲು ಊದಿಲ್ಲ, ಮಾತ್ರೆ ಮೂರೂ ಸರಿಯಾದ ಹೊತ್ತಿಗೆ ತಗೊಂಡೆ ಅಂತ. ಆಮೇಲೆ ಅಪ್ಪನ್ನ ಕೇಳಿದ್ರು, ಹಸೂಗೆ ನೀರಿಟ್ರಾ ಅಂತ. ಇಟ್ಟೆ, ಅಲ್ಲಿ ಈಗ ಮಧ್ಯಾಹ್ನ ಎರಡೂವರೆ, ಮೊದಲು ನೀನು ಊಟ ಮಾಡು ಅಂದ್ರು ಅಪ್ಪ, ಗಡಿಯಾರ ನೋಡ್ದೆ.